ಸಾಲದಲ್ಲಿರುವ ನಮ್ಮ ಕ್ಲಬ್ಬಿಗೆ ದುಡ್ಡು ಕೊಡಬೇಕೇ? ಎಷ್ಟು, ಯಾವಾಗ, ಯಾರ ಕೈಗೆ?

ಪ್ರಶ್ನೆ: ನಾವು ಮೂಲತಃ ಬಾಗಲಕೋಟೆ ಕಡೆಯವರು. ಅಪ್ಪ 1984ರಲ್ಲಿ ಮುರ್ಗಾಂವ್ ಬಂದರಿನ ಕೆಲಸಕ್ಕೆ ಬಂದವರು ಗೋವಾದ ವಾಸ್ಕೋದಲ್ಲೇ ಉಳಿದರು. ನಾನು ಹುಟ್ಟಿ ಬೆಳೆದದ್ದು ಬೈನಾದಲ್ಲಿ, ಈಗ ವೆರ್ಣಾದ ಕಾರ್ಖಾನೆಯೊಂದರಲ್ಲಿ ಕೆಲಸ. ಬಂದ ವರ್ಷದಿಂದಲೇ ಅಪ್ಪ ನಮ್ಮ ಭಾಗದ ಹಳೆಯ ಫುಟ್‌ಬಾಲ್ ಕ್ಲಬ್ಬೊಂದರ ಕಟ್ಟಾ ಅಭಿಮಾನಿ. ತಿಲಕ್ ಮೈದಾನದಲ್ಲಿ ಆ ತಂಡದ ಪಂದ್ಯವಿದ್ದರೆ ಮನೆಯಲ್ಲಿ ಬೇರೆ ಕೆಲಸ ನಡೆಯುತ್ತಿರಲಿಲ್ಲ. ಐದು ವರ್ಷದ ಹಿಂದೆ ಪ್ರಾಯೋಜಕರು ಕೈಬಿಟ್ಟರು, ಆಟಗಾರರ ಸಂಬಳ ನಿಂತಿತು, ತಂಡ ಪ್ರೊಫೆಷನಲ್ ಲೀಗಿನಿಂದ ಕೆಳಗಿಳಿಯಿತು. ಕಳೆದ ಎರಡು ಹಂಗಾಮು ಆಡಲೇ ಇಲ್ಲ. ಈಗ ಹೊಸ ಸಮಿತಿ ಬಂದಿದೆ. ಒಟ್ಟು 22 ಲಕ್ಷ ಸಾಲ ಎನ್ನುತ್ತಾರೆ: ಆಟಗಾರರಿಗೆ 8 ಲಕ್ಷ, ಕೋಚ್ ಮತ್ತು ಫಿಸಿಯೋಗೆ ಒಂದೂವರೆ, ಜೆರ್ಸಿ ಅಂಗಡಿ, ಬಸ್ಸು, ಮೈದಾನದ ಬಾಡಿಗೆ ಸೇರಿ ಮೂರೂವರೆ, ಹಿಂದಿನ ಅಧ್ಯಕ್ಷರು ಕೈಯಿಂದ ಹಾಕಿದ್ದು 9 ಲಕ್ಷ. ಪ್ರತಿ ಮನೆಯಿಂದ 5,000 ಕೇಳುತ್ತಿದ್ದಾರೆ. ಅಪ್ಪ ನಾಳೆಯೇ ಕೊಡೋಣ ಅಂತಾರೆ, ನನಗೆ ಧೈರ್ಯವಿಲ್ಲ. ಕೆಲವರು ಹಳೆಯದನ್ನು ಬಿಟ್ಟು ಹೊಸ ಕ್ಲಬ್ ಕಟ್ಟೋಣ ಅಂತಾರೆ. ಹನ್ನೊಂದು ವರ್ಷದ ಮಗನನ್ನು ಇಲ್ಲಿಗೇ ಸೇರಿಸಬೇಕೆಂಬುದು ಅಪ್ಪನ ಆಸೆ. ಏನು ಮಾಡಲಿ?

ಉತ್ತರ: 5,000 ಕೊಡಿ, ಆದರೆ ಈ ವಾರ ಬೇಡ. ಅದಕ್ಕೆ ಮೊದಲು ಒಂದು ವಿಷಯ ವಿಚಾರಿಸಿ: ನಿಮ್ಮ ತಂದೆಯವರು ಆ ಕ್ಲಬ್ಬಿನ ಸದಸ್ಯರೇ?

ನಲವತ್ತು ವರ್ಷ ಗ್ಯಾಲರಿಯಲ್ಲಿ ಕೂತವರಿಗೆ ಈ ಪ್ರಶ್ನೆ ಕೇಳುವುದು ಕಷ್ಟವೆನಿಸಬಹುದು. ಆದರೆ ಗೋವಾದ ಹಳೆಯ ಕ್ಲಬ್ಬುಗಳಲ್ಲಿ ಬಹುಪಾಲು 1860ರ ಸೊಸೈಟಿ ನೋಂದಣಿ ಕಾಯ್ದೆಯಡಿ ನಡೆಯುವ ಸಂಘಗಳು. ಅಲ್ಲಿ ತೀರ್ಮಾನ ಮಾಡುವುದು ಸದಸ್ಯರ ಪುಸ್ತಕದಲ್ಲಿ ಹೆಸರಿದ್ದವರು, ಗ್ಯಾಲರಿಯಲ್ಲಿ ಕೂತವರಲ್ಲ. ಬಂದರು, ರೈಲ್ವೆ, ಕಟ್ಟಡ ಕೆಲಸಕ್ಕೆಂದು ಬಂದ ನಮ್ಮ ಕಡೆಯ ಹಿರಿಯರು ಟಿಕೆಟ್ ತೆಗೆದುಕೊಂಡರು, ಡೋಲು ಬಾರಿಸಿದರು, ಲಾಟರಿ ಚೀಟಿ ಮಾರಿಕೊಟ್ಟರು. ಅರ್ಜಿ ತುಂಬಿ ಸದಸ್ಯರಾದವರು ಮಾತ್ರ ಕಡಿಮೆ. ಕಾಯ್ದೆಯ 15ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಚಂದಾ ಮೂರು ತಿಂಗಳಿಗಿಂತ ಹೆಚ್ಚು ಬಾಕಿ ಇದ್ದವರಿಗೆ ಮತದ ಹಕ್ಕಿಲ್ಲ, ಅವರನ್ನು ಸದಸ್ಯರೆಂದು ಎಣಿಸುವಂತೆಯೂ ಇಲ್ಲ. ಎರಡು ಹಂಗಾಮು ಮುಚ್ಚಿದ ಕ್ಲಬ್ಬಿನಲ್ಲಿ ಚಂದಾ ಕಟ್ಟಿದವರು ಎಷ್ಟು ಮಂದಿ ಉಳಿದಿರುತ್ತಾರೆ? ಹತ್ತಿಪ್ಪತ್ತು ಜನ ಇಡೀ ಕ್ಲಬ್ಬಿನ ಭವಿಷ್ಯಕ್ಕೆ ಕೈ ಎತ್ತಿಬಿಡುವುದು ಹೀಗೆಯೇ. ಆದ್ದರಿಂದ ಮೊದಲು ಹೋಗಬೇಕಾದ ದುಡ್ಡು 5,000 ಅಲ್ಲ, ವಾರ್ಷಿಕ ಚಂದಾ. ತಂದೆಯವರು ಸದಸ್ಯರಾಗಿದ್ದರೆ ಬಾಕಿ ಕಟ್ಟಿ ರಸೀದಿ ಪಡೆಯಲಿ. ಇಲ್ಲದಿದ್ದರೆ ಅವರೂ ನೀವೂ ಅರ್ಜಿ ಕೊಡಿ. ಅರ್ಜಿಯ ಪ್ರತಿಯ ಮೇಲೆ ಕಾರ್ಯದರ್ಶಿಯ ಸಹಿ ಮತ್ತು ತಾರೀಖು ಇರಲಿ. ಹೊಸ ಸದಸ್ಯರಿಗೆ ಮತದ ಹಕ್ಕು ಯಾವಾಗಿನಿಂದ ಎಂಬುದು ಆ ಕ್ಲಬ್ಬಿನ ನಿಯಮಾವಳಿಯಲ್ಲಿರುತ್ತದೆ, ಅದರ ಪ್ರತಿಯನ್ನೂ ಕೇಳಿ.

ಸಮಿತಿ ಕೊಡದಿದ್ದರೂ ದಾರಿಯಿದೆ. ಅದೇ ಕಾಯ್ದೆಯ 19ನೇ ಕಲಮಿನಂತೆ ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಕೆಯಾದ ದಾಖಲೆಗಳನ್ನು ಯಾರು ಬೇಕಾದರೂ ಅಲ್ಪ ಶುಲ್ಕ ಕಟ್ಟಿ ನೋಡಬಹುದು, ನಕಲು ಪಡೆಯಬಹುದು. ಅಲ್ಲಿ ಎರಡು ಸಂಗತಿ ನೋಡಿ. ಆಡಳಿತ ಸಮಿತಿಯ ಪಟ್ಟಿಯನ್ನು ಪ್ರತಿವರ್ಷ ಸಲ್ಲಿಸಬೇಕು ಎಂಬುದು 4ನೇ ಕಲಮು. ಕೊನೆಯ ಪಟ್ಟಿ ಯಾವ ವರ್ಷದ್ದು? ಈಗಿನ ಸಮಿತಿಯವರ ಹೆಸರು ಅದರಲ್ಲಿದೆಯೇ? ಹೆಸರು ದಾಖಲಾಗದ ಸಮಿತಿ ಎಷ್ಟೇ ಪ್ರಾಮಾಣಿಕವಾಗಿರಲಿ, ಬ್ಯಾಂಕು ಸಾಮಾನ್ಯವಾಗಿ ಅವರ ಸಹಿಯನ್ನು ಒಪ್ಪುವುದಿಲ್ಲ. ಆಗ ವಂತಿಗೆ ಯಾರದೋ ಸ್ವಂತ ಖಾತೆಗೋ ಫೋನ್ ನಂಬರಿಗೋ ಹೋಗುತ್ತದೆ. ಕ್ಲಬ್ಬು ಎರಡನೇ ಸಲ ಮುಳುಗುವುದು ಇಲ್ಲೇ. ಮೋಸದ ಉದ್ದೇಶ ಇರಬೇಕೆಂದೇನೂ ಇಲ್ಲ. ಒಬ್ಬರ ಖಾತೆಯಲ್ಲಿ ಮನೆಯ ದುಡ್ಡೂ ಕ್ಲಬ್ಬಿನ ದುಡ್ಡೂ ಬೆರೆತರೆ ಆರು ತಿಂಗಳಲ್ಲಿ ಲೆಕ್ಕ ಯಾರಿಗೂ ಹೊಂದುವುದಿಲ್ಲ.

ಇನ್ನು ಆ 22 ಲಕ್ಷ. ಈ ಮೊತ್ತವನ್ನು ಇಡಿಯಾಗಿ ನೋಡಿ ಹೆದರಬೇಡಿ, ಇಡಿಯಾಗಿ ನಂಬಲೂ ಬೇಡಿ. ಕೊನೆಯ ಮೂರು ವರ್ಷದ ಲೆಕ್ಕಪತ್ರ ಕೇಳಿ. ಸಾಮಾನ್ಯವಾಗಿ ಜಮಾ-ಖರ್ಚಿನ ಒಂದು ಹಾಳೆ ಕೈಗೆ ಕೊಡುತ್ತಾರೆ. ಅದು ಸಾಲದು. ಅದರಲ್ಲಿ ಬಂದ ದುಡ್ಡು, ಹೋದ ದುಡ್ಡು ಮಾತ್ರ ಇರುತ್ತದೆ, ಕೊಡದೆ ಉಳಿಸಿಕೊಂಡದ್ದು ಕಾಣುವುದಿಲ್ಲ. ಸಂಬಳ ಕೊಡದೇ ಇದ್ದ ವರ್ಷ ಜಮಾ-ಖರ್ಚು ಬಹಳ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಖರ್ಚೇ ಆಗಿಲ್ಲವಲ್ಲ. ಬೇಕಾದದ್ದು ಬ್ಯಾಲೆನ್ಸ್ ಶೀಟು, ಅದರ ಜೊತೆಗೆ ಕ್ಲಬ್ಬಿನಿಂದ ಬಾಕಿ ಬರಬೇಕಾದವರ ಪಟ್ಟಿ: ಯಾರಿಗೆ, ಎಷ್ಟು, ಯಾವ ತಾರೀಖಿನಿಂದ, ಯಾವ ಕಾಗದದ ಆಧಾರದ ಮೇಲೆ. ಸಮಿತಿಯವರು ಹೇಳಿದ ನಾಲ್ಕು ಬಾಬತ್ತುಗಳಲ್ಲಿ ಸೇರದೆ ಕೆಲವು ಬಿಟ್ಟುಹೋಗಿರಬಹುದು. ಆಟಗಾರರ ಸಂಬಳದಿಂದ ಮುರಿದುಕೊಂಡು ಸರ್ಕಾರಕ್ಕೆ ಕಟ್ಟದ ಆದಾಯ ತೆರಿಗೆ (ಟಿಡಿಎಸ್), ಸಿಬ್ಬಂದಿ ಇಪ್ಪತ್ತು ದಾಟಿದ್ದರೆ ಪಿಎಫ್, ಫುಟ್‌ಬಾಲ್ ಸಂಸ್ಥೆ ಹಾಕಿದ ದಂಡ ಇವು ಯಾರ ಬಾಯಲ್ಲೂ ಬರುವುದಿಲ್ಲ. ಟಿಡಿಎಸ್ ಬಾಕಿಗೆ ತಿಂಗಳು ತಿಂಗಳು ಬಡ್ಡಿ ಏರುತ್ತದೆ. ಕೇಳಿ ಬರೆಸಿಕೊಳ್ಳಿ.

ಹಿಂದಿನ ಅಧ್ಯಕ್ಷರ 9 ಲಕ್ಷವನ್ನು ಬೇರೆಯೇ ಇಟ್ಟು ನೋಡಬೇಕು. ಕೈಯಿಂದ ಹಾಕಿದ್ದು ನಿಜವೇ ಇರಬಹುದು. ಅನೇಕ ಕ್ಲಬ್ಬುಗಳು ಹಾಗೆ ಒಬ್ಬರ ಜೇಬಿನಿಂದಲೇ ಉಸಿರಾಡಿವೆ, ಆ ಋಣ ಸಣ್ಣದಲ್ಲ. ಆದರೆ ಪರೀಕ್ಷೆ ಸರಳ. ಆ ಹಣ ಕ್ಲಬ್ಬಿನ ಬ್ಯಾಂಕ್ ಖಾತೆಗೆ ಬಂದ ದಾಖಲೆ ಇದೆಯೇ? ಸಾಲವೆಂದು ಪಡೆಯಲು ಸಮಿತಿಯ ಠರಾವು ಆಗಿತ್ತೇ? ಎರಡೂ ಇದ್ದರೆ ಅದು ಸಾಲ. ಎರಡೂ ಇಲ್ಲದಿದ್ದರೆ ಅದು ದೇಣಿಗೆಯಾಗಿಯೇ ಉಳಿಯಬೇಕು. ಬ್ಯಾಂಕ್ ದಾಖಲೆ ಮಾತ್ರ ಇದ್ದರೆ ಸರ್ವಸದಸ್ಯರ ಸಭೆ ತೀರ್ಮಾನಿಸಲಿ. ಸಾಲವೇ ಆಗಿದ್ದರೂ ತೀರಿಸುವ ಸಾಲಿನಲ್ಲಿ ಅದು ಕೊನೆಗೆ ನಿಲ್ಲಬೇಕು. ಬಿಸಿಲಲ್ಲಿ ಓಡಿದ ಹುಡುಗನ ಸಂಬಳಕ್ಕಿಂತ ಮೊದಲು ಪದಾಧಿಕಾರಿಯ ಕೈಗಡ ತೀರಿತೆಂದರೆ ಆ ಸಮಿತಿಗೆ ಇನ್ನೊಂದು ಪೈಸೆಯನ್ನೂ ಕೊಡಬೇಡಿ.

ಆಟಗಾರರ ಬಾಕಿಯನ್ನು ಮೊದಲು ತೀರಿಸಿ ಎನ್ನಲು ಕರುಣೆ ಒಂದೇ ಕಾರಣವಲ್ಲ. ಫಿಫಾ ನಿಯಮಾವಳಿಯ 12 ಬಿಸ್ ಕಲಮಿನಂತೆ, ಕರಾರಿನ ಹಣವನ್ನು ಸಕಾರಣವಿಲ್ಲದೆ 30 ದಿನಕ್ಕಿಂತ ಹೆಚ್ಚು ತಡೆಹಿಡಿದು, ಕನಿಷ್ಠ 10 ದಿನದ ಗಡುವು ಕೊಟ್ಟು ಬರೆದ ನೋಟಿಸಿಗೂ ಸ್ಪಂದಿಸದಿದ್ದರೆ ಕ್ಲಬ್ಬಿನ ಮೇಲೆ ಶಿಕ್ಷೆ ಹೇರಬಹುದು. ಎರಡು ತಿಂಗಳ ಸಂಬಳ ಬಾಕಿಯಾದರೆ, 15 ದಿನದ ನೋಟಿಸ್ ಕೊಟ್ಟು ಆಟಗಾರ ಕರಾರು ಮುರಿದು ಹೊರಡಬಹುದು, ಪರಿಹಾರವನ್ನೂ ಕೇಳಬಹುದು. ತೀರ್ಪು ಬಂದ ಮೇಲೂ ಹಣ ಕೊಡದಿದ್ದರೆ ಹೊಸ ಆಟಗಾರರ ನೋಂದಣಿಗೆ ತಡೆ ಬೀಳುತ್ತದೆ, ಅದು ಮೂರು ನೋಂದಣಿ ಅವಧಿಯವರೆಗೂ ಎಳೆಯಬಹುದು. ನಮ್ಮಲ್ಲಿ ನೋಂದಣಿಯೆಲ್ಲ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಿಆರ್‌ಎಸ್ ಎಂಬ ಗಣಕ ವ್ಯವಸ್ಥೆಯ ಮೂಲಕ. ಅಲ್ಲಿ ತಡೆ ಇದ್ದರೆ ನೀವು ಹೊಸ ಜೆರ್ಸಿ ಹೊಲಿಸಬಹುದು, ಮೈದಾನಕ್ಕೆ ಹುಲ್ಲು ಹಾಕಿಸಬಹುದು, ಹನ್ನೊಂದು ಜನರ ಹೆಸರು ಬರೆಸಲು ಮಾತ್ರ ಆಗುವುದಿಲ್ಲ. ಹೊಸ ಸಮಿತಿಗಳು ಎಡವುವುದು ಇದರಲ್ಲೇ. ಮೊದಲ ತಿಂಗಳ ಉತ್ಸಾಹದಲ್ಲಿ ಬಂದ ದುಡ್ಡನ್ನು ಕಣ್ಣಿಗೆ ಕಾಣುವ ಕೆಲಸಕ್ಕೆ ಹಾಕುತ್ತಾರೆ, ನೋಂದಣಿಯ ದಿನ ಬಂದಾಗ ಹಳೆಯ ತೀರ್ಪು ಎದ್ದು ಕೂರುತ್ತದೆ. ಆದ್ದರಿಂದ ಗೋವಾ ಫುಟ್‌ಬಾಲ್ ಅಸೋಸಿಯೇಷನ್ನಿಗೂ ಫೆಡರೇಷನ್ನಿಗೂ ಪತ್ರ ಬರೆದು "ನಮ್ಮ ಮೇಲೆ ಯಾವ ಪ್ರಕರಣ, ಯಾವ ತಡೆ, ಯಾವ ದಂಡ ಇದೆ" ಎಂದು ಲಿಖಿತವಾಗಿ ಕೇಳಿದ್ದೀರಾ ಎಂದು ಸಮಿತಿಯನ್ನು ವಿಚಾರಿಸಿ. ಆ ಉತ್ತರದ ಪ್ರತಿ ನೋಡುವವರೆಗೆ ದೊಡ್ಡ ಮೊತ್ತ ಕೊಡಬೇಡಿ.

"ಹೊಸ ಕ್ಲಬ್ ಕಟ್ಟಿದರೆ ಹಳೆ ಸಾಲ ಹೋಗುತ್ತದೆ" ಎನ್ನುವವರಿಗೂ ಉತ್ತರ ಇದರ ಪಕ್ಕದಲ್ಲೇ ಇದೆ. ಫಿಫಾ ಶಿಸ್ತು ಸಂಹಿತೆಯಲ್ಲಿ ಕ್ರೀಡಾ ಉತ್ತರಾಧಿಕಾರಿ ಎಂಬ ಕಲ್ಪನೆಯಿದೆ. ಹೊಸ ಸಂಸ್ಥೆ ಹಳೆಯದರ ಹೆಸರು, ಬಣ್ಣ, ಕಚೇರಿಯ ವಿಳಾಸ, ಆಟಗಾರರು, ಮಾಲೀಕರು, ಆಡುವ ದರ್ಜೆ ಇವುಗಳನ್ನು ಮುಂದುವರಿಸಿದರೆ ಹಳೆಯ ಸಾಲಕ್ಕೂ ಅದೇ ಹೊಣೆ ಎಂದು ಹಿಡಿಯಬಹುದು. ಇಬ್ಬಗೆಯ ಸಂಕಟ ಇದು. ಸಾಲ ತಪ್ಪಬೇಕೆಂದರೆ ಹೆಸರು, ಬಣ್ಣ ಬಿಡಬೇಕು. ನಿಮ್ಮ ತಂದೆಯವರು 1984ರಿಂದ ಬೆನ್ನು ಹತ್ತಿದ್ದೇ ಆ ಹೆಸರು, ಆ ಬಣ್ಣವನ್ನು. ಅವನ್ನು ಬಿಟ್ಟು ಕಟ್ಟಿದ್ದು ಬೇರೆ ಕ್ಲಬ್ಬಾಗುತ್ತದೆ. ಹೊಸದನ್ನು ತಳದ ದರ್ಜೆಯಿಂದ ಆರಂಭಿಸಬೇಕು ಎಂಬ ಮಾತು ಬೇರೆ. ನನ್ನ ಅಭಿಪ್ರಾಯ ಖಚಿತ: 22 ಲಕ್ಷದ ಸಾಲಕ್ಕೆ ಹಳೆಯ ಕ್ಲಬ್ಬನ್ನು ಬಿಡಬಾರದು. ಸಾಲ ಕೋಟಿಗಳಲ್ಲಿದ್ದು, ಮೈದಾನ, ಕಚೇರಿ ಯಾವುದೂ ಉಳಿದಿರದಿದ್ದರೆ ಮಾತ್ರ ಆ ಯೋಚನೆ.

ಹೊರದೇಶದ ಎರಡು ಉದಾಹರಣೆಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಇಟಲಿಯ ಪಾರ್ಮಾ 2015ರಲ್ಲಿ ದಿವಾಳಿಯಾಗಿ, ಹೊಸ ಸಂಸ್ಥೆಯಾಗಿ ನಾಲ್ಕನೇ ದರ್ಜೆಯಿಂದ ಆರಂಭಿಸಿ, ಸತತ ಮೂರು ಬಡ್ತಿ ಪಡೆದು 2018ಕ್ಕೆ ಮತ್ತೆ ಮೊದಲ ದರ್ಜೆಗೆ ಬಂತು. ಆದರೆ ಅಲ್ಲಿ ಹಿಂದೆ ನಿಂತವರು ಊರಿನ ದೊಡ್ಡ ಉದ್ಯಮಿಗಳು. ನಿಮ್ಮ ಪರಿಸ್ಥಿತಿಗೆ ಹತ್ತಿರದ್ದು ಇಂಗ್ಲೆಂಡಿನ ಪೋರ್ಟ್ಸ್‌ಮತ್. ಅದೂ ಬಂದರಿನ ಊರೇ. 2008ರಲ್ಲಿ ಎಫ್‌ಎ ಕಪ್ ಗೆದ್ದ ಕ್ಲಬ್ಬು, ಗಳಿಕೆಗೆ ಮೀರಿದ ಸಂಬಳ ಕೊಟ್ಟು 2010ರಲ್ಲೊಮ್ಮೆ, 2012ರಲ್ಲಿ ಇನ್ನೊಮ್ಮೆ ಸಾಲ ಕೊಟ್ಟವರ ಪರ ಆಡಳಿತಾಧಿಕಾರಿಯ ಕೈಗೆ ಹೋಯಿತು. ಮೊದಲ ದರ್ಜೆಯಿಂದ ನಾಲ್ಕನೆಯದಕ್ಕೆ ಬಿತ್ತು. 2013ರಲ್ಲಿ ಅಭಿಮಾನಿಗಳ ಟ್ರಸ್ಟು ಅದನ್ನು ಕೊಂಡಿತು. ಒಂದು ಪಾಲು 1,000 ಪೌಂಡ್, ಎರಡು ಸಾವಿರಕ್ಕೂ ಹೆಚ್ಚು ಜನ ಕೊಂಡರು, ಕೆಲವರು ಸಣ್ಣ ಗುಂಪು ಮಾಡಿ ಒಂದು ಪಾಲು ಹಂಚಿಕೊಂಡರು. ಹಳೆಯ ಸಾಲ 2014ಕ್ಕೆ ತೀರಿತು, 2017ರಲ್ಲಿ ನಾಲ್ಕನೇ ದರ್ಜೆ ಗೆದ್ದರು. ಅಲ್ಲಿ ಕಲಿಯಬೇಕಾದದ್ದು ಅಭಿಮಾನಿಗಳ ದುಡ್ಡು ನೇರ ಕ್ಲಬ್ಬಿನ ತಿಜೋರಿಗೆ ಬೀಳದೆ ಅವರದೇ ಪ್ರತ್ಯೇಕ ಸಂಸ್ಥೆಯಲ್ಲಿತ್ತು ಎಂಬುದನ್ನು.

ನೀವೂ ಇದನ್ನೇ ಮಾಡಬಹುದು. ಸೊಸೈಟಿ ಕಾಯ್ದೆಯಡಿ ಏಳು ಜನ ಸೇರಿದರೆ ಅಭಿಮಾನಿಗಳ ಸಂಘ ನೋಂದಾಯಿಸಬಹುದು. ಇದರ ಲಾಭ ದೊಡ್ಡದು. ಕ್ಲಬ್ಬಿನ ವಿರುದ್ಧ ನ್ಯಾಯಾಲಯದ ಡಿಕ್ರಿ ಇದ್ದರೆ ಕ್ಲಬ್ಬಿನ ಖಾತೆಯನ್ನು ಜಪ್ತಿ ಮಾಡಬಹುದು, ನೀವು ಮಕ್ಕಳ ಚೆಂಡಿಗೆಂದು ಕೊಟ್ಟ ದುಡ್ಡೂ ಅದರಲ್ಲಿ ಹೋಗುತ್ತದೆ. ಅಭಿಮಾನಿ ಸಂಘದ ಖಾತೆ ಬೇರೆಯಾದ್ದರಿಂದ ಅದನ್ನು ಮುಟ್ಟಲಾಗದು. ಸಂಘವು ಹಣವನ್ನು ಸಮಿತಿಗೆ ಕೊಡದೆ ಬಾಕಿ ಬರಬೇಕಾದವರಿಗೇ ನೇರ ಕೊಟ್ಟು, ಪ್ರತಿಯೊಬ್ಬರಿಂದ "ಇಷ್ಟು ಬಂತು, ಇನ್ನು ಇಷ್ಟೇ ಉಳಿಯಿತು" ಎಂದು, ಕೊನೆಯ ಕಂತಿನಲ್ಲಿ "ಏನೂ ಬಾಕಿಯಿಲ್ಲ" ಎಂದು ಬರೆಸಿಕೊಳ್ಳಬೇಕು. ಪ್ರಕರಣ ಫೆಡರೇಷನ್ನಿನ ಮುಂದಿದ್ದರೆ ಆ ಪತ್ರದ ಪ್ರತಿ ಅಲ್ಲಿಗೂ ಹೋಗಬೇಕು. ಹೋಗದಿದ್ದರೆ ದುಡ್ಡು ಕೊಟ್ಟೂ ತಡೆ ಹಾಗೇ ಉಳಿಯುತ್ತದೆ.

ಈಗ ಲೆಕ್ಕ. ಸಮಿತಿ ಮನಸ್ಸಿನಲ್ಲಿ 300 ಮನೆ, ತಲಾ 5,000, ಹದಿನೈದು ಲಕ್ಷ ಎಂದು ಗುಣಿಸಿಕೊಂಡಿರುತ್ತದೆ. ಹಾಗೆ ಬರುವುದಿಲ್ಲ. ಮೂರರಲ್ಲಿ ಒಂದು ಮನೆ ಕೊಡುತ್ತದೆಂದು ಹಿಡಿಯೋಣ: 100 ಮನೆ, 5 ಲಕ್ಷ. ಇದಲ್ಲದೆ ತಿಂಗಳಿಗೆ 200 ರೂಪಾಯಿಯಂತೆ ತಪ್ಪದೆ ಕೊಡುವ 250 ಜನ ಸಿಕ್ಕರೆ ತಿಂಗಳಿಗೆ 50,000. ನಮ್ಮ ಹೆಂಗಸರು ಭಿಶಿ (ತಿಂಗಳ ಚೀಟಿ) ನಡೆಸುವ ರೀತಿಯಲ್ಲೇ ಇದನ್ನು ನಡೆಸಬೇಕು: ಗೊತ್ತಾದ ತಾರೀಖು, ಪ್ರತಿ ಓಣಿಗೆ ಒಬ್ಬರು ಸಂಗ್ರಹಕಾರರು, ಎಲ್ಲರ ಮುಂದೆ ಓದುವ ಪುಸ್ತಕ. ಭಿಶಿ ಬಿದ್ದುಹೋಗದಂತೆ ನೋಡಿಕೊಳ್ಳುವ ಅನುಭವ ವಾಸ್ಕೋದ ಕನ್ನಡ ಮನೆಗಳಲ್ಲಿ ಧಾರಾಳವಾಗಿದೆ, ಫುಟ್‌ಬಾಲ್ ಕ್ಲಬ್ಬುಗಳು ಅದನ್ನು ಬಳಸಿಕೊಂಡೇ ಇಲ್ಲ.

ಆಟಗಾರರು, ಕೋಚ್, ಫಿಸಿಯೋ ಸೇರಿ 9.5 ಲಕ್ಷ. ಅದರ ಶೇಕಡ 40, ಅಂದರೆ 3.8 ಲಕ್ಷವನ್ನು ಮೊದಲ ತಿಂಗಳೇ ಕೊಡಿ. ಕೈಯಲ್ಲಿ ನಗದು ಕಂಡ ಹುಡುಗ ಉಳಿದದ್ದಕ್ಕೆ ಕಂತು ಒಪ್ಪುತ್ತಾನೆ, ಬರೀ ಮಾತಿಗೆ ಒಪ್ಪುವುದಿಲ್ಲ. ಉಳಿದ 5.7 ಲಕ್ಷ ಹನ್ನೆರಡು ಕಂತಾದರೆ ತಿಂಗಳಿಗೆ 47,500. ತಿಂಗಳ ವಂತಿಗೆ 50,000ದಲ್ಲಿ ಅದು ಹೊಂದುತ್ತದೆ. ಮೊದಲ 5 ಲಕ್ಷದಲ್ಲಿ ಉಳಿದ 1.2 ಲಕ್ಷವನ್ನು ಜೆರ್ಸಿ ಅಂಗಡಿ, ಬಸ್ಸು, ಮೈದಾನದವರಿಗೆ ಕೊಟ್ಟರೆ ಅವರ ಬಾಕಿಯ ಮೂರನೇ ಒಂದು ಭಾಗ ತೀರಿತು. ಉದ್ರಿ ಕೊಟ್ಟು ಕಾದವರು ಅವರು, ಮುಂದೆಯೂ ಬೇಕಾದವರು. ಉಳಿದ 2.3 ಲಕ್ಷ ಎರಡನೇ ವರ್ಷದ ಮೊದಲಾರ್ಧದಲ್ಲಿ. ಆಮೇಲೆ ಬೇಕಿದ್ದರೆ ಹಿಂದಿನ ಅಧ್ಯಕ್ಷರದು. ಈ ಲೆಕ್ಕ ಕೆಡುವುದು ಎರಡು ಕಡೆ. ಒಂದು, ಐದನೇ ತಿಂಗಳು: ಮೊದಲ ಹುರುಪು ಇಳಿದು 250 ಜನ 140 ಆಗುತ್ತಾರೆ. ಆದ್ದರಿಂದ ಮೊದಲೇ ಎರಡು ತಿಂಗಳ ಕಂತು, ಸುಮಾರು ಒಂದು ಲಕ್ಷ, ಮುಟ್ಟದ ಗಂಟಾಗಿ ಇಡಲು ಬೇರೆ ದಾನಿಗಳನ್ನು ಹಿಡಿಯಿರಿ. ಎರಡು, ಹಂಗಾಮು ಆರಂಭವಾದ ಕೂಡಲೇ "ಈ ಒಂದು ತಿಂಗಳು ಕಂತಿನ ದುಡ್ಡಲ್ಲಿ ಒಬ್ಬ ಸ್ಟ್ರೈಕರ್ ತರೋಣ" ಎಂಬ ಮಾತು. ಆ ಒಂದು ತಿಂಗಳೇ ಮತ್ತೆ ಎಲ್ಲವನ್ನೂ ಹಳೆ ಹಾದಿಗೆ ತರುತ್ತದೆ. ಇಂಥ ಕ್ಲಬ್ಬುಗಳ ಸಾಲಕ್ಕೆಲ್ಲ ಮೂಲ ಒಂದೇ: ಈ ವರ್ಷ ಬಡ್ತಿ ಸಿಕ್ಕರೆ ಮುಂದಿನ ವರ್ಷ ಪ್ರಾಯೋಜಕರು ಬರುತ್ತಾರೆ ಎಂದು, ಇನ್ನೂ ಬಾರದ ದುಡ್ಡನ್ನು ಸಂಬಳಕ್ಕೆ ಬರೆದುಕೊಟ್ಟದ್ದು. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ತನ್ನ ಸ್ಪರ್ಧೆಗಳ ಕ್ಲಬ್ಬುಗಳಿಗೆ ಸಂಬಳ, ವರ್ಗಾವಣೆ, ಏಜೆಂಟರ ಖರ್ಚು ಆದಾಯದ ಶೇಕಡ 70 ಮೀರಬಾರದೆಂದು ಮಿತಿ ಹಾಕಿದೆ. ನಿಮ್ಮ ಕ್ಲಬ್ಬು ಮೊದಲೆರಡು ವರ್ಷ ಅರ್ಧಕ್ಕಿಂತ ಕೆಳಗಿರಲಿ, ಅದೂ ಈಗಾಗಲೇ ಬ್ಯಾಂಕಿಗೆ ಬಂದ ಆದಾಯದ ಅರ್ಧ.

ಹಾಗಾದರೆ ತಂಡ ಹೇಗೆ ನಡೆಯಬೇಕು? ಮೊದಲ ವರ್ಷ ಸಂಬಳದ ಆಟಗಾರರು ಬೇಡ. ಊರಿನ ಹುಡುಗರು, ಪ್ರತಿ ಅಭ್ಯಾಸಕ್ಕೆ ಬಸ್ ಖರ್ಚು, ಪಂದ್ಯಕ್ಕೊಂದು ಭತ್ಯೆ, ಗಾಯವಾದರೆ ಆಸ್ಪತ್ರೆಯ ಖರ್ಚಿಗೆ ವಿಮೆ. 22 ಜನರ ತಂಡಕ್ಕೆ 5ನೇ ನಂಬರಿನ 12 ಚೆಂಡು ಸಾಕು. ಜಂಬಿಟ್ಟಿಗೆ ಮಣ್ಣಿನ ಗಟ್ಟಿ ಮೈದಾನದಲ್ಲಿ ಅಗ್ಗದ ಚೆಂಡಿನ ಮೇಲ್ಪದರ ಬೇಗ ಕಿತ್ತುಬರುತ್ತದೆ, ಆದ್ದರಿಂದ ಪಂದ್ಯದ ಚೆಂಡು ಎರಡನ್ನು ಅಭ್ಯಾಸಕ್ಕೆ ಮುಟ್ಟದೆ ತೆಗೆದಿಡಿ. ಎರಡು ಬಣ್ಣದ ಜೆರ್ಸಿ, ಎರಡು ಬಣ್ಣದ ಬಿಬ್ (ಅಭ್ಯಾಸದಲ್ಲಿ ಜೆರ್ಸಿಯ ಮೇಲೆ ತೊಡುವ ತೋಳಿಲ್ಲದ ಅಂಗಿ) ಹನ್ನೆರಡರಂತೆ, ನಲವತ್ತು ಕೋನು. ಇವಕ್ಕೆಲ್ಲ ಒಂದು ದಾಸ್ತಾನು ಪುಸ್ತಕ ಬೇಕು. ಕಾರ್ಖಾನೆಯಲ್ಲಿ ಕೆಲಸ ಮಾಡುವ ನಿಮಗೆ ಅದು ಗೊತ್ತಿರುವ ವಿದ್ಯೆ, ಅದನ್ನು ವಹಿಸಿಕೊಂಡರೆ ದೊಡ್ಡ ಉಪಕಾರ.

ಪ್ರಾಯೋಜಕರ ಬಗ್ಗೆ ಒಂದು ಎಚ್ಚರಿಕೆ. ಗೋವಾದ ದೊಡ್ಡ ಕ್ಲಬ್ಬುಗಳು ಉದ್ಯಮ ಮನೆತನಗಳ ನೆರಳಲ್ಲಿ ಬೆಳೆದವು. ನೆರಳು ಸರಿದರೆ ಏನಾಗುತ್ತದೆ ಎಂಬುದೂ ಇಲ್ಲಿ ಗೊತ್ತಿದ್ದದ್ದೇ. ರಾಷ್ಟ್ರೀಯ ಲೀಗನ್ನು ಐದು ಸಲ ಗೆದ್ದ ಡೆಂಪೊ, ಎರಡು ಸಲ ಗೆದ್ದ ಸಾಲಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್ ಈ ಮೂರೂ 2016ರಲ್ಲಿ ಐ-ಲೀಗ್ (ಅದೇ ರಾಷ್ಟ್ರೀಯ ಲೀಗಿನ ಆಗಿನ ರೂಪ) ಬಿಟ್ಟವು. ಅದು ಸಾಲದಿಂದಲ್ಲ, ಭಾರತೀಯ ಫುಟ್‌ಬಾಲಿನ ಹೊಸ ರಚನೆಯಲ್ಲಿ ಐ-ಲೀಗಿಗೆ ಎರಡನೇ ಸ್ಥಾನ ಎಂಬ ಅಸಮಾಧಾನದಿಂದ. ಡೆಂಪೊ ಕಿರಿಯರ ಫುಟ್‌ಬಾಲನ್ನು ಹಿಡಿದುಕೊಂಡಿತ್ತು, ಕೆಳಗಿನ ಲೀಗಿನಿಂದ ಬಡ್ತಿ ಪಡೆದು 2024ರಲ್ಲಿ ಐ-ಲೀಗಿಗೆ ಮರಳಿತು. ಇದನ್ನು ಮುಂಬೈ, ಪುಣೆಯ ಜೊತೆ ಹೋಲಿಸಿ. 2005-06ರ ರಾಷ್ಟ್ರೀಯ ಲೀಗ್ ಗೆದ್ದ ಮಹೀಂದ್ರಾ ಯುನೈಟೆಡ್ 2010ರಲ್ಲಿ ಕಂಪನಿಯ ಒಂದು ತೀರ್ಮಾನಕ್ಕೆ ಮುಚ್ಚಿಹೋಯಿತು. ಎಫ್‌ಸಿ ಪುಣೆ ಸಿಟಿ 2019ರಲ್ಲಿ ನಿಂತು, ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಆ ಜಾಗಕ್ಕೆ ಹೈದರಾಬಾದ್ ಬಂತು. ಅಭಿಮಾನಿಗಳಿಗೆ ಅಲ್ಲಿ ಮತವಿರಲಿಲ್ಲ. ನಿಮ್ಮ ಸಾಲದ ಕ್ಲಬ್ಬಿನಲ್ಲಿ ಮತ ಇದೆ. ಒಬ್ಬ ಪ್ರಾಯೋಜಕರಿಂದ ವರ್ಷದ ಖರ್ಚಿನ ಮೂರನೇ ಒಂದಕ್ಕಿಂತ ಹೆಚ್ಚು ಪಡೆಯಬಾರದೆಂಬ ಠರಾವನ್ನು ಅದೇ ಮತದಿಂದ ಮಾಡಿಸಿ. ಕಂಪನಿಗಳ ಸಿಎಸ್‌ಆರ್ ಹಣ (ಸಾಮಾಜಿಕ ಹೊಣೆಗೆಂದು ತೆಗೆದಿಡುವ ಹಣ) ತರುತ್ತೇವೆ ಎಂದು ಯಾರಾದರೂ ಹೇಳಿದರೆ, ಅದು ಕ್ರೀಡಾ ತರಬೇತಿಗೆ ಸಿಗುವ ಹಣ, ಹಿರಿಯರ ತಂಡದ ಸಂಬಳಕ್ಕಲ್ಲ ಎಂಬುದು ನೆನಪಿರಲಿ. ಪಡೆಯುವ ಸಂಘಕ್ಕೆ ಮೂರು ವರ್ಷದ ಕೆಲಸದ ದಾಖಲೆ, ಆದಾಯ ತೆರಿಗೆ ಇಲಾಖೆಯಲ್ಲಿ ದತ್ತಿ ಸಂಸ್ಥೆಯೆಂದೂ ದೇಣಿಗೆಯ ವಿನಾಯಿತಿಗೂ ನೋಂದಣಿ, ಸಿಎಸ್‌ಆರ್-1 ನಮೂನೆ ಬೇಕು. ಎರಡು ಹಂಗಾಮು ಮುಚ್ಚಿದ್ದ ಕ್ಲಬ್ಬಿಗೆ ಇದು ಈ ವರ್ಷದ ಮಾತಲ್ಲ. ತೆರಿಗೆ ವಿನಾಯಿತಿಯ ಆಸೆ ತೋರಿಸಿದರೂ ನೋಂದಣಿ ಸಂಖ್ಯೆ ಕೇಳಿ. 2,000 ರೂಪಾಯಿ ಮೀರಿ ನಗದಾಗಿ ಕೊಟ್ಟ ದೇಣಿಗೆಗೆ ಹೇಗೂ ವಿನಾಯಿತಿಯಿಲ್ಲ.

ನಿಮ್ಮ ಭಯದ ಬಗ್ಗೆ. ಸಾಮಾನ್ಯ ಸದಸ್ಯರಾದರೆ ಕ್ಲಬ್ಬಿನ ಸಾಲ ನಿಮ್ಮ ಮನೆಬಾಗಿಲಿಗೆ ಬರುವುದಿಲ್ಲ. ಸೊಸೈಟಿಯ ವಿರುದ್ಧದ ತೀರ್ಪು ಸೊಸೈಟಿಯ ಆಸ್ತಿಗೆ ಮಾತ್ರ ಎಂದು ಸೊಸೈಟಿ ಕಾಯ್ದೆಯ 8ನೇ ಕಲಮು ಹೇಳುತ್ತದೆ. ಅಪಾಯ ಬರುವುದು ನೀವೇ ಕೈಯೊಡ್ಡಿದಾಗ: ಜಾಮೀನಿಗೆ ಸಹಿ ಹಾಕಿದರೆ, ಸಮಿತಿಗೆ ಸೇರಿ ಮುಂದಿನ ತಾರೀಖಿನ ಚೆಕ್ಕಿಗೆ ಸಹಿ ಹಾಕಿದರೆ. ಚೆಕ್ ಬೌನ್ಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕರಣದಲ್ಲಿ ಸಹಿ ಹಾಕಿದವರೇ ನಿಲ್ಲಬೇಕು, ಎರಡು ವರ್ಷದವರೆಗೆ ಸಜೆ ಅಥವಾ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಬಾಕಿ ಬರಬೇಕಾದವರಿಗೆ ಕಂತು ಬರೆದುಕೊಡುವಾಗ ಪತ್ರ ಕೊಡಿ, ಚೆಕ್ ಕೊಡಬೇಡಿ. ವಕೀಲರೊಬ್ಬರು "ಮೂರು ವರ್ಷ ದಾಟಿದ ಬಾಕಿಗೆ ಕಾಲಮಿತಿ ಮುಗಿದಿದೆ, ಪತ್ರ ಬರೆದರೆ ಮತ್ತೆ ಜೀವ ಬರುತ್ತದೆ, ಸುಮ್ಮನಿರಿ" ಎನ್ನಬಹುದು. ಕಾಲಮಿತಿ ಇನ್ನೂ ಮುಗಿಯದೆ ಇರುವಾಗ ಸಹಿ ಹಾಕಿ ಒಪ್ಪಿಕೊಂಡರೆ ಹೊಸದಾಗಿ ಎಣಿಕೆ ಶುರುವಾಗುವುದು ನಿಜ. ಅಂಗಡಿಯ ವಿವಾದದ ಬಿಲ್ಲಿಗೆ ಆ ಸಲಹೆ ಕೇಳಿ. ಆಟಗಾರರ ಸಂಬಳಕ್ಕೆ ಅದನ್ನು ಬಳಸಬೇಡಿ. ಆ ಹುಡುಗರು ಇದೇ ಊರಿನ ಮಕ್ಕಳು. ಅವರಿಗೆ ಕೈಕೊಟ್ಟ ಕ್ಲಬ್ಬಿಗೆ ಅವರ ತಮ್ಮಂದಿರು ಆಡಲು ಬರುವುದಿಲ್ಲ.

ಮಗನ ವಿಷಯ. ಸೇರಿಸಿ, ಆದರೆ ಮೂರು ಸಂಗತಿ ನೋಡಿ. ಕೋಚ್‌ಗೆ ಫೆಡರೇಷನ್ನಿನ ಕನಿಷ್ಠ ಡಿ ಲೈಸೆನ್ಸ್ ಎಂಬ ತರಬೇತುದಾರರ ಪರವಾನಗಿ ಇರಬೇಕು. ಕ್ಲಬ್ಬಿನ ಮೇಲೆ ನೋಂದಣಿ ತಡೆ ಇದ್ದರೆ ಅದು ಕಿರಿಯರಿಗೂ ತಾಗುತ್ತದೆಯೇ ಎಂದು ಆ ಆದೇಶದಲ್ಲೇ ಓದಿ ತಿಳಿಯಬೇಕು. ಅಭ್ಯಾಸ ಮಾಡುತ್ತಾನೆ, ಅಧಿಕೃತ ಪಂದ್ಯ ಆಡಲಾರ ಎಂಬ ಸ್ಥಿತಿ ಹುಡುಗರ ಮನಸ್ಸು ಮುರಿಯುತ್ತದೆ. ಮೂರನೆಯದು ಕಾಗದ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹೆಸರಿನ ಅಕ್ಷರ ಮತ್ತು ತಾರೀಖು ಒಂದೇ ಇರಲಿ. ಹೆರಿಗೆಗೆ ಊರಿಗೆ ಹೋಗಿ, ಅಲ್ಲಿ ತಡವಾಗಿ ನೋಂದಾಯಿಸಿ, ಇಲ್ಲಿ ಶಾಲೆಗೆ ಬೇರೆ ತಾರೀಖು ಬರೆಸಿದ ಮನೆಗಳು ನಮ್ಮಲ್ಲಿ ಬಹಳ. ಹದಿನಾಲ್ಕರಲ್ಲಿ ತಂಡಕ್ಕೆ ಆಯ್ಕೆಯಾದಾಗ ವಯಸ್ಸಿನ ತಕರಾರು ಬಂದರೆ ತಪ್ಪಿಲ್ಲದ ಹುಡುಗನೂ ಹೊರಗೆ ಕೂರಬೇಕಾಗುತ್ತದೆ. ಈಗಲೇ ಸರಿಪಡಿಸಿ.

ಅವನು ಹನ್ನೆರಡು ತುಂಬುವ ಹಂಗಾಮಿನಿಂದ ಸಿಆರ್‌ಎಸ್‌ನಲ್ಲಿ ಇದೇ ಕ್ಲಬ್ಬಿನ ಹೆಸರಲ್ಲಿ ನೋಂದಣಿ ತಪ್ಪದಂತೆ ನೋಡಿಕೊಳ್ಳಿ. ಇದು ಕ್ಲಬ್ಬಿಗೂ ಬೇಕಾದದ್ದು. ಆಟಗಾರನೊಬ್ಬ ಮುಂದೆ ದೇಶದಿಂದ ದೇಶಕ್ಕೆ ಹಣ ಪಡೆದು ವರ್ಗವಾದರೆ, ಆ ಹಣದ ಶೇಕಡ 5ನ್ನು ಅವನನ್ನು 12ರಿಂದ 23ರವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು: 12ರಿಂದ 15ರವರೆಗೆ ವರ್ಷಕ್ಕೆ ಶೇಕಡ 0.25, 16ರಿಂದ 23ರವರೆಗೆ 0.5. ಒಂದು ಕೋಟಿಯ ವರ್ಗಾವಣೆಯಾದರೆ, 12ರಿಂದ 16ರವರೆಗೆ ಐದು ಹಂಗಾಮು ಸಾಕಿದ ಸಣ್ಣ ಕ್ಲಬ್ಬಿಗೆ ಒಂದೂವರೆ ಲಕ್ಷ. ದೇಶದೊಳಗಿನ ವರ್ಗಾವಣೆಯಲ್ಲೂ ಬೆಳೆಸಿದ ಕ್ಲಬ್ಬಿಗೆ ಪ್ರತಿಫಲ ಸಿಗುವ ಪದ್ಧತಿ ಇರಬೇಕೆಂದು ಫಿಫಾ ಹೇಳುತ್ತದೆ. ಇದೆಲ್ಲಕ್ಕೂ ಆಧಾರ ನೋಂದಣಿಯ ದಾಖಲೆ. ಹುಡುಗರನ್ನು ನೋಂದಾಯಿಸದೆ ಬರೀ ಆಡಿಸಿದ ಕ್ಲಬ್ಬುಗಳು ಈ ಹಣವನ್ನು ಕೇಳಲೂ ಆಗದೆ ಕಳೆದುಕೊಳ್ಳುತ್ತವೆ. ಈಗ ಅವನಿಗೆ ಕೊಡಿಸಬೇಕಾದದ್ದು 4ನೇ ನಂಬರಿನ ಚೆಂಡು, ಅಚ್ಚಿನ ರಬ್ಬರ್ ಸ್ಟಡ್ಡಿನ ಬೂಟು. ಉದ್ದ ಸ್ಟಡ್ ನಮ್ಮ ಗಟ್ಟಿ ನೆಲದಲ್ಲಿ ಹಿಮ್ಮಡಿ ನೋಯಿಸುತ್ತದೆ.

ಇಷ್ಟಾದ ಮೇಲೆ ಆ 5,000ವನ್ನು ಹೀಗೆ ಕೊಡಿ: ಮೊದಲ 2,000, ಬಾಕಿ ಬರಬೇಕಾದವರ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ದಿನ. 2,000 ಆಟಗಾರರ ಮೊದಲ ಕಂತಿನ ರಸೀದಿಗಳು ಅದರ ಪಕ್ಕದಲ್ಲಿ ಅಂಟಿದ ದಿನ. ಉಳಿದ 1,000 ತಂಡದ ನೋಂದಣಿ ಮುಗಿದ ದಿನ. ಜೊತೆಗೆ ತಿಂಗಳ 200. ಎಲ್ಲವೂ ಬ್ಯಾಂಕಿನ ಮೂಲಕ. ಆ ನೋಟಿಸ್ ಬೋರ್ಡಿನ ಹಾಳೆಗಳನ್ನು ಕನ್ನಡದಲ್ಲೂ ಬರೆಸಿ ಬೈನಾ, ಮಾಂಗೋರ್ ಹಿಲ್, ಝುವಾರಿನಗರದ ಅಂಗಡಿಗಳಲ್ಲಿ ಅಂಟಿಸಿ. ಇಂಗ್ಲಿಷಿನ ಒಂದು ಹಾಳೆ ಕಚೇರಿಯ ಒಳಗೋಡೆಯಲ್ಲಿದ್ದರೆ ಇಷ್ಟು ವರ್ಷ ಮೈದಾನಕ್ಕೆ ಬಂದವರಲ್ಲಿ ಅರ್ಧದಷ್ಟು ಜನರಿಗೆ ಅದು ತಲುಪುವುದಿಲ್ಲ, ತಲುಪದವರಿಂದ 200 ಬರುವುದೂ ಇಲ್ಲ. ದುಡ್ಡು ನಿಮ್ಮ ಖಾತೆಯಿಂದಲೇ ಹೋಗಲಿ, ಆದರೆ ಸದಸ್ಯತ್ವದ ಅರ್ಜಿಯನ್ನು ಮೊದಲು ನಿಮ್ಮ ತಂದೆಯವರ ಹೆಸರಲ್ಲೇ ತುಂಬಿಸಿ, ಮುಂದಿನ ಸರ್ವಸದಸ್ಯರ ಸಭೆಗೆ ಅವರನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿ.